ಸೀರೆಯ ಪಟ್ಟಿ ಇದೆ, ಲೆಕ್ಕದ ಪಟ್ಟಿ ಎಲ್ಲಿ?

ಬಜೆಟ್ ದಿನ ಹಣಕಾಸು ಸಚಿವೆಯ ಸೀರೆಯ ಮೇಲೆ ಬಾಕ್ಸ್ ಐಟಂ ಬರೆಯುವುದನ್ನು ಪತ್ರಿಕೆಗಳು ನಿಲ್ಲಿಸಬೇಕು ಎಂಬುದು ನನ್ನ ವಾದ. ಇದನ್ನು ಹೇಳಿದಾಗಲೆಲ್ಲ ಸುದ್ದಿಮನೆಯ ಗೆಳೆಯರು ಒಟ್ಟಾಗಿ ಮೈಮೇಲೆ ಬೀಳುತ್ತಾರೆ. ಕೆಲವರದು ಬರೀ ಸಿಟ್ಟು, ಅದಕ್ಕೆ ಉತ್ತರ ಬೇಕಿಲ್ಲ. ಉಳಿದವರ ಆಕ್ಷೇಪಗಳಲ್ಲಿ ಹುರುಳಿದೆ. ಅವನ್ನು ಎತ್ತಿಕೊಳ್ಳುತ್ತೇನೆ.

ಮೊದಲನೆಯದು, "ಹೊಗಳಿದ್ದೂ ತಪ್ಪೇ?" ಎಂಬುದು.

2023ರ ಫೆಬ್ರುವರಿ 1ರಂದು ನಿರ್ಮಲಾ ಸೀತಾರಾಮನ್ ಕಸೂತಿ ಹಾಕಿದ ಕೆಂಪು ಇಳಕಲ್ ಸೀರೆ ಉಟ್ಟು ಬಜೆಟ್ ಮಂಡಿಸಿದರು. ಅವರು ರಾಜ್ಯಸಭೆಗೆ ಹೋದದ್ದು ಕರ್ನಾಟಕದಿಂದ, ಸೀರೆ ಹೋದದ್ದು ಧಾರವಾಡದಿಂದ. ಕನ್ನಡದ ಪತ್ರಿಕೆ, ಚಾನೆಲ್‌ಗಳೆಲ್ಲ ಹಿಗ್ಗಿದವು. ನಮ್ಮ ನೇಕಾರರ, ನಮ್ಮ ಕಸೂತಿ ಹೆಣ್ಣುಮಕ್ಕಳ ಕೈಕೆಲಸಕ್ಕೆ ಸಂಸತ್ತಿನಲ್ಲಿ ಮರ್ಯಾದೆ ಸಿಕ್ಕಿತೆಂದು ಬರೆದರೆ ಯಾರಿಗೆ ಅವಮಾನವಾಯಿತು ಎಂದು ಗೆಳೆಯರು ಕೇಳುತ್ತಾರೆ.

ಅದೇ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವಿನ ಘೋಷಣೆಯೂ ಇತ್ತು. ಚಿತ್ರದುರ್ಗ, ತುಮಕೂರು, ದಾವಣಗೆರೆ ಕಡೆಯ ಬರದ ಹೊಲಗಳಿಗೆ ನೀರು ಕೊಡುವ ಯೋಜನೆ ಅದು. ಮೂರು ತಿಂಗಳಲ್ಲಿ ವಿಧಾನಸಭೆ ಚುನಾವಣೆ. ನಮ್ಮ ಪತ್ರಿಕೆಗಳು ಮಾರನೆಯ ದಿನ ಎರಡನ್ನೂ ಹಾಕಿದವು, ಒಪ್ಪುತ್ತೇನೆ. ಮುಖಪುಟದ ದೊಡ್ಡಕ್ಷರ ಭದ್ರೆಗೇ ಸಿಕ್ಕಿರಬಹುದು. ನನ್ನ ತಕರಾರು ಅವತ್ತಿನ ಪುಟದ್ದಲ್ಲ, ಆಮೇಲಿನ ವರ್ಷಗಳದ್ದು. 2019ರಲ್ಲಿ ಚಿನ್ನದಂಚಿನ ಗುಲಾಬಿ, 2020ರಲ್ಲಿ ಹಳದಿ, 2021ರಲ್ಲಿ ಪೋಚಂಪಲ್ಲಿ, 2022ರಲ್ಲಿ ಒಡಿಶಾದ ಬೊಮ್‌ಕಾಯಿ, 2023ರಲ್ಲಿ ಇಳಕಲ್, 2025ರಲ್ಲಿ ಮಧುಬನಿ ಚಿತ್ತಾರ. ಪ್ರತಿ ವರ್ಷ ಜನವರಿ ಕೊನೆಯ ವಾರ ಬಂತೆಂದರೆ ಈ ಪಟ್ಟಿ ಫೋಟೊಗಳ ಸಮೇತ ಮತ್ತೆ ಎದ್ದು ಬರುತ್ತದೆ, ಹೊಸ ಸಾಲೊಂದು ಸೇರುತ್ತದೆ. ಭದ್ರಾ ಮೇಲ್ದಂಡೆಯ ಹಣ ಬರಲೇ ಇಲ್ಲ ಎಂದು ರಾಜ್ಯ ಸರ್ಕಾರ ಆಮೇಲೆ ವರ್ಷಗಟ್ಟಲೆ ದೂರುತ್ತಲೇ ಬಂತು. ಘೋಷಿಸಿದ್ದು ಎಷ್ಟು, ಬಿಡುಗಡೆಯಾದದ್ದು ಎಷ್ಟು ಎಂದು ವರ್ಷವಾರು ಜೋಡಿಸಿಟ್ಟ ಪಟ್ಟಿಯೊಂದು ಅಷ್ಟೇ ಶಿಸ್ತಿನಿಂದ ಜನವರಿಯಲ್ಲಿ ಎದ್ದು ಬರುವುದನ್ನು ನಾನು ಕಂಡಿಲ್ಲ. ಒಬ್ಬ ಸಚಿವೆಯ ಬಗ್ಗೆ ಸುದ್ದಿಮನೆ ಯಾವುದನ್ನು ನೆನಪಿಟ್ಟುಕೊಳ್ಳುತ್ತದೆ, ಯಾವುದನ್ನು ಮರೆಯುತ್ತದೆ ಎಂಬುದರಲ್ಲೇ ಅದು ಆಕೆಗೆ ಕೊಡುವ ಜಾಗ ತಿಳಿಯುತ್ತದೆ. ಹೊಗಳಿಕೆಯಿಂದ ಆಕೆಗೆ ಒಂದು ಲಾಭವೂ ಇದೆ, ಅದನ್ನೂ ಹೇಳಿಬಿಡುತ್ತೇನೆ: ಸೀರೆಯ ಮಾತಾಡುತ್ತಿರುವಷ್ಟು ಹೊತ್ತು ಯಾರೂ ಲೆಕ್ಕ ಕೇಳುವುದಿಲ್ಲ. ಹಾಗಾಗಿ ನನ್ನ ವಾದವನ್ನು ನಿರ್ಮಲಾ ಅವರ ಪರ ವಕಾಲತ್ತು ಎಂದು ತಿಳಿಯುವವರು ತಪ್ಪು ತಿಳಿದಿದ್ದಾರೆ. ಗಂಡಸರನ್ನು ಕೇಳುವ ಬಿರುಸಿನಲ್ಲೇ ಅವರನ್ನೂ ಕೇಳಿ ಎನ್ನುತ್ತಿದ್ದೇನೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ಹಲ್ಲಿದೆ. "ಗಂಡಸರ ಬಟ್ಟೆಯನ್ನು ನಾವು ಬಿಟ್ಟಿದ್ದೇವೆಯೇ?" ಎನ್ನುತ್ತಾರೆ. ಉದಾಹರಣೆಗಳ ಮೂಟೆಯನ್ನೇ ಬಿಚ್ಚುತ್ತಾರೆ. 2015ರ ಜನವರಿಯಲ್ಲಿ ಒಬಾಮಾ ಬಂದಾಗ ನರೇಂದ್ರ ಮೋದಿ ತೊಟ್ಟ, ತಮ್ಮ ಹೆಸರನ್ನೇ ಪಟ್ಟೆಯಾಗಿ ನೇಯಿಸಿದ್ದ ಸೂಟು. ಮರುತಿಂಗಳು ಸೂರತ್‌ನಲ್ಲಿ ಅದು 4.31 ಕೋಟಿಗೆ ಹರಾಜಾದದ್ದು. 2022ರ ಪಾದಯಾತ್ರೆಯಲ್ಲಿ ರಾಹುಲ್ ಗಾಂಧಿಯ ಟಿ-ಶರ್ಟಿನ ಬೆಲೆ ನಲವತ್ತೊಂದು ಸಾವಿರ ಎಂದು ಬಿಜೆಪಿ ಎತ್ತಿದ ಗಲಾಟೆ. 2016ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕೈಯಲ್ಲಿದ್ದ ವಜ್ರದ ಹ್ಯೂಬ್ಲೊ ವಾಚು. 2008ರ ಸೆಪ್ಟೆಂಬರಿನಲ್ಲಿ ದಿಲ್ಲಿ ಸರಣಿ ಸ್ಫೋಟದ ಸಂಜೆ ಗೃಹ ಸಚಿವ ಶಿವರಾಜ ಪಾಟೀಲರು ಕೆಲವೇ ಗಂಟೆಗಳಲ್ಲಿ ಬಟ್ಟೆ ಬದಲಿಸಿ ಬದಲಿಸಿ ಕ್ಯಾಮೆರಾ ಮುಂದೆ ಬಂದದ್ದು.

ಮೂಟೆಯನ್ನು ಹಾಗೆಯೇ ಒಪ್ಪಿಕೊಂಡು ಒಂದು ಪ್ರಶ್ನೆ ಕೇಳುತ್ತೇನೆ. ಈ ನಾಲ್ಕರಲ್ಲಿ ಯಾವುದು ಬಟ್ಟೆಯ ವರ್ಣನೆ? ಸಿದ್ದರಾಮಯ್ಯನವರ ವಾಚು ಅವರಿಗೆ ಒಪ್ಪುತ್ತಿತ್ತೇ, ಅಂಗಿಗೆ ಹೊಂದುತ್ತಿತ್ತೇ ಎಂದು ಯಾರೂ ಬರೆಯಲಿಲ್ಲ. ಕೊಟ್ಟವರು ಯಾರು, ಏಕೆ ಕೊಟ್ಟರು, ತೆರಿಗೆ ಕಟ್ಟಿದ್ದಾರೆಯೇ ಎಂದು ಕೇಳಿದರು. ಉತ್ತರ ಹೇಳಲೇಬೇಕಾಗಿ ಬಂತು, ಕೊನೆಗೆ ವಾಚು ವಿಧಾನಸಭಾಧ್ಯಕ್ಷರ ಕೈಗೆ ಹೋಗಿ ಸರ್ಕಾರದ ಸ್ವತ್ತಾಯಿತು. ಮೋದಿಯವರ ಸೂಟಿನಿಂದ ಹುಟ್ಟಿದ್ದು 'ಸೂಟು-ಬೂಟಿನ ಸರ್ಕಾರ' ಎಂಬ ರಾಜಕೀಯ ಆರೋಪ. ಭೂಸ್ವಾಧೀನ ಕಾಯ್ದೆಯ ತಿದ್ದುಪಡಿಯ ಜಗಳದಲ್ಲಿ ಅದು ಚೆನ್ನಾಗಿ ಕುಟುಕಿತು. ಶಿವರಾಜ ಪಾಟೀಲರ ಬಟ್ಟೆ ಸುದ್ದಿಯಾದದ್ದು ಆ ಹೊತ್ತಿನಲ್ಲಿ ಗೃಹ ಸಚಿವರ ಗಮನ ಎಲ್ಲಿತ್ತು ಎಂಬುದಕ್ಕೆ ಸಾಕ್ಷಿಯಾಗಿ. ಗಂಡಸಿನ ಬಟ್ಟೆ ಸುದ್ದಿಯಾಗಬೇಕಾದರೆ ಬೆಲೆಯೋ ಲಂಚದ ವಾಸನೆಯೋ ಬೇಜವಾಬ್ದಾರಿಯೋ ಒಂದಿರಬೇಕು. ಹೆಂಗಸಿನದಕ್ಕೆ ಏನೂ ಬೇಡ, ಉಟ್ಟಿದ್ದರೆ ಸಾಕು. ಪಿ. ಚಿದಂಬರಂ ವರ್ಷ ವರ್ಷವೂ ಬಿಳಿ ಪಂಚೆ ಉಟ್ಟೇ ಬಜೆಟ್ ಓದಿದರು. ಅದು ಅವರ ಗುರುತು ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸಿದರೇ ಹೊರತು ಪಂಚೆಯ ಅಂಚನ್ನು ವರ್ಷವಾರು ಪಟ್ಟಿ ಮಾಡಿದವರಿಲ್ಲ.

ಆಸ್ಟ್ರೇಲಿಯಾದ ಟಿವಿ ನಿರೂಪಕ ಕಾರ್ಲ್ ಸ್ಟೆಫಾನೊವಿಕ್ ಒಂದೇ ನೀಲಿ ಸೂಟನ್ನು ಒಂದು ವರ್ಷ ತೊಟ್ಟು ಬೆಳಗಿನ ಕಾರ್ಯಕ್ರಮ ನಡೆಸಿಕೊಟ್ಟರು. ಯಾರೂ ಗಮನಿಸಲಿಲ್ಲ. 2014ರಲ್ಲಿ ಅವರೇ ಬಾಯಿಬಿಟ್ಟು ಹೇಳಬೇಕಾಯಿತು. ಪಕ್ಕದಲ್ಲೇ ಕೂರುತ್ತಿದ್ದ ಸಹನಿರೂಪಕಿಯ ಬಟ್ಟೆಯ ಬಗ್ಗೆ ಮಾತ್ರ ವೀಕ್ಷಕರ ಟೀಕೆ ನಿಂತಿರಲಿಲ್ಲ. ಆತ ರಾಜಕಾರಣಿಯಲ್ಲ, ಆದರೆ ನೋಡುವ ಕಣ್ಣು ಅದೇ.

ರಾಜಕಾರಣಿಯ ಉದಾಹರಣೆಯೇ ಬೇಕೆಂದರೆ ನಮ್ಮ ಮದ್ದೂರಿನವರಿಂದಲೇ ಕೊಡಬಹುದು. 2011ರ ಜುಲೈನಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವೆ ಹೀನಾ ರಬ್ಬಾನಿ ಖರ್ ದಿಲ್ಲಿಗೆ ಬಂದರು. ಇನ್ನೂ ಚಿಕ್ಕ ವಯಸ್ಸು, ಆ ಹುದ್ದೆಗೆ ಬಂದು ಕೆಲವೇ ದಿನವಾಗಿತ್ತು. ನಮ್ಮ ಮಾಧ್ಯಮಗಳು ಅವರ ಬರ್ಕಿನ್ ಕೈಚೀಲ, ಮುತ್ತಿನ ಸರ, ಕಪ್ಪು ಕನ್ನಡಕಗಳನ್ನು ಬ್ರ್ಯಾಂಡಿನ ಹೆಸರು ಹಿಡಿದು ಎಣಿಸಿದವು. ಎದುರು ಕೂತಿದ್ದವರು ನಮ್ಮ ವಿದೇಶಾಂಗ ಸಚಿವ, ಮದ್ದೂರಿನ ಎಸ್.ಎಂ. ಕೃಷ್ಣ. ಉಡುಪಿನ ವಿಷಯದಲ್ಲಿ ಕರ್ನಾಟಕದ ರಾಜಕಾರಣ ಕಂಡ ಅತ್ಯಂತ ಅಚ್ಚುಕಟ್ಟಿನ ಮನುಷ್ಯ, ಟೆನಿಸ್ ಆಡಿ ಬಂದರೂ ಮಡಿಕೆ ಕೆಡದವರು. ಅವರ ಸೂಟು ಯಾರ ಹೊಲಿಗೆ ಎಂದು ದಿಲ್ಲಿಯಲ್ಲಿ ಒಬ್ಬರಾದರೂ ಕೇಳಿದರೇ? ಅದೇ ವರ್ಷ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಕೃಷ್ಣ ಅವರು ಪೋರ್ಚುಗಲ್ ಸಚಿವರ ಭಾಷಣವನ್ನು ತಮ್ಮದೆಂದು ತಿಳಿದು ಓದತೊಡಗಿದ್ದು ಲೋಕಕ್ಕೆಲ್ಲ ನೆನಪಿದೆ, ಅವತ್ತು ಯಾವ ಬಣ್ಣದ ಟೈ ಕಟ್ಟಿದ್ದರೆಂಬುದು ಯಾರಿಗೂ ನೆನಪಿಲ್ಲ. ಇರಬೇಕಾದದ್ದೇ ಹಾಗೆ. ಖರ್-ಕೃಷ್ಣ ಮಾತುಕತೆಯಲ್ಲಿ ಕಾಶ್ಮೀರದ ನಿಯಂತ್ರಣ ರೇಖೆಯ ಆಚೀಚೆಯ ವ್ಯಾಪಾರವನ್ನು ವಾರಕ್ಕೆ ಎರಡು ದಿನದಿಂದ ನಾಲ್ಕು ದಿನಕ್ಕೆ ಏರಿಸುವ ತೀರ್ಮಾನವಾಯಿತು. ಇದನ್ನು ಓದುತ್ತಿರುವವರಲ್ಲಿ ಕೈಚೀಲ ನೆನಪಿರುವವರು ಎಷ್ಟು, ನಾಲ್ಕು ದಿನದ ಸುದ್ದಿ ನೆನಪಿರುವವರು ಎಷ್ಟು?

ಇನ್ನು ಮೂರನೆಯದು. "ಅವರೇ ಆರಿಸಿ ಉಡುತ್ತಾರಲ್ಲ, ಅದೂ ಒಂದು ಸಂದೇಶವೇ ತಾನೆ?" ಈ ಮಾತು ನಿಜ. ನಮ್ಮ ದೇಶದಲ್ಲಂತೂ ಬಟ್ಟೆ ರಾಜಕಾರಣದ ಹೊರಗೆ ಎಂದೂ ಇರಲಿಲ್ಲ. ಗಾಂಧಿ 1921ರಲ್ಲಿ ಮದುರೆಯಲ್ಲಿ ತುಂಡು ಪಂಚೆಗೆ ಇಳಿದದ್ದು ಆ ವರ್ಷದ ದೊಡ್ಡ ರಾಜಕೀಯ ಹೇಳಿಕೆಗಳಲ್ಲೊಂದು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲೇ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತವರು. ಆಮೇಲೆ ಕೈಮಗ್ಗ, ಕರಕುಶಲಗಳನ್ನು ಸ್ವತಂತ್ರ ಭಾರತದ ನೀತಿಯೊಳಕ್ಕೆ ತಂದು ಕೂರಿಸಿದರು. ಮಮತಾ ಬ್ಯಾನರ್ಜಿಯವರ ಹತ್ತಿಯ ಸೀರೆ, ಹವಾಯಿ ಚಪ್ಪಲಿ ಅವರ ಪ್ರಣಾಳಿಕೆಯ ಅರ್ಧ ಭಾಗ. 1999ರ ಬಳ್ಳಾರಿ ಲೋಕಸಭಾ ಚುನಾವಣೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಸುಷ್ಮಾ ಸ್ವರಾಜ್ ಹಣೆತುಂಬ ಕುಂಕುಮ, ಬೈತಲೆಯಲ್ಲಿ ಸಿಂಧೂರ, ಕೈತುಂಬ ಬಳೆ ತೊಟ್ಟು, ಕೆಲವೇ ವಾರಗಳಲ್ಲಿ ಕಲಿತ ಕನ್ನಡದಲ್ಲಿ ಭಾಷಣ ಮಾಡುತ್ತ ಊರೂರು ತಿರುಗಿದರು. ಸ್ವದೇಶಿ ಮಗಳಿಗೂ ವಿದೇಶಿ ಸೊಸೆಗೂ ನಡೆಯುವ ಹಣಾಹಣಿ ಎಂದು ಅವರ ಪಕ್ಷವೇ ಆ ಚುನಾವಣೆಯನ್ನು ಬಣ್ಣಿಸಿತ್ತು. ಆ ಕುಂಕುಮವನ್ನು ಬಿಟ್ಟು ಬಳ್ಳಾರಿಯ ವರದಿ ಬರೆದಿದ್ದರೆ ಅದು ಅರೆ ವರದಿಯಾಗುತ್ತಿತ್ತು. ಎದುರಾಳಿ ಸೋನಿಯಾ ಗಾಂಧಿ ಐವತ್ತಾರು ಸಾವಿರ ಮತಗಳಿಂದ ಗೆದ್ದರು. ಕುಂಕುಮ ಎಷ್ಟು ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಎಂದು ಅಳೆಯುವುದಕ್ಕೂ ಆ ವರ್ಣನೆ ಬೇಕೇಬೇಕು.

ಹಾಗಾದರೆ ಸಂದೇಶವೆಂದು ಒಪ್ಪಿದ ಮೇಲೆ ಅದನ್ನು ಸಂದೇಶದಂತೆಯೇ ಓದಿ. ಒಬ್ಬ ಮಂತ್ರಿ ಹೇಳಿಕೆ ಕೊಟ್ಟರೆ ವರದಿಗಾರ "ಚೆಂದದ ಹೇಳಿಕೆ, ತಿಳಿ ಬಣ್ಣದ್ದು" ಎಂದು ಬರೆದು ಮುಗಿಸುತ್ತಾನೆಯೇ? ಅದು ನಿಜವೇ, ನಡೆನುಡಿಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತಾನೆ. ಕೈಮಗ್ಗದ ಸೀರೆ ಉಟ್ಟ ಹಣಕಾಸು ಸಚಿವೆ "ನಾನು ನೇಕಾರರ ಪರ" ಎನ್ನುತ್ತಿದ್ದಾರೆಂದೇ ಇಟ್ಟುಕೊಳ್ಳೋಣ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಿತು. 2021ರ ಸೆಪ್ಟೆಂಬರಿನಲ್ಲಿ ಅವರದೇ ಅಧ್ಯಕ್ಷತೆಯ ಜಿಎಸ್‌ಟಿ ಮಂಡಳಿ ಜವಳಿಯ ಮೇಲಿನ ತೆರಿಗೆಯನ್ನು ಶೇ 5ರಿಂದ 12ಕ್ಕೆ ಏರಿಸಲು ತೀರ್ಮಾನಿಸಿತು. ದೇಶದುದ್ದ ನೇಕಾರರೂ ವ್ಯಾಪಾರಿಗಳೂ ಕೂಗೆಬ್ಬಿಸಿದರು, ಹಲವು ರಾಜ್ಯಗಳು ವಿರೋಧಿಸಿದವು, ಜಾರಿಯಾಗುವ ಹಿಂದಿನ ದಿನ, ಡಿಸೆಂಬರ್ 31ಕ್ಕೆ, ಮಂಡಳಿ ಹಿಂದೆ ಸರಿಯಿತು. ಒಂದು ತಿಂಗಳ ಮೇಲೆ, 2022ರ ಫೆಬ್ರುವರಿ 1ಕ್ಕೆ, ಬೊಮ್‌ಕಾಯಿ ಸೀರೆ. ಆ ಸೀರೆಯ ಬಾಕ್ಸಿನಲ್ಲಿ ಜಿಎಸ್‌ಟಿಯ ಒಂದು ಸಾಲು ಸೇರಿಸಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಅದು ಉಡುಪಿನ ವರದಿಯಾಗುತ್ತಿತ್ತು, ಹೆಣ್ಣನ್ನು ಕೀಳು ಮಾಡುವ ಮಾತೇ ಬರುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಸಂಕಟವಿದೆ. ಸೀರೆಯ ಸುದ್ದಿ ಬರೆಯುವವರು ಸೀರೆಯ ಬಗ್ಗೆಯಾದರೂ ಬರೆಯುತ್ತಾರೆಯೇ? ಇಳಕಲ್ ಸೀರೆಯ ಹೆಚ್ಚುಗಾರಿಕೆ ಬಣ್ಣದಲ್ಲಿಲ್ಲ, ಕೊಂಡಿಯಲ್ಲಿದೆ. ಒಡಲಿನ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಬೆಸೆಯುತ್ತಾರೆ. ಕೆಂಪು ನೆಲದ ಮೇಲೆ ಬಿಳಿ ಗೋಪುರದ ಸಾಲಿನಂತೆ ಕಾಣುವ ಟೋಪ್ ತೆನಿ ಸೆರಗು ಮೂಡುವುದು ಹೀಗೆ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಗವಂತಿ ಹೊಲಿಗೆಯಲ್ಲಿ ಒಳಗೂ ಹೊರಗೂ ಚಿತ್ತಾರ ಒಂದೇ ಥರ ಕಾಣಬೇಕು, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಇದರ ಪಕ್ಕದಲ್ಲಿ ಪವರ್‌ಲೂಮಿನ ನಕಲು ಇಳಕಲ್ ಅಗ್ಗಕ್ಕೆ ಮಾರಾಟವಾಗುತ್ತದೆ. ಮಗ್ಗದ ಮುಂದೆ ಕೂರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ. 2023ರ ಫೆಬ್ರುವರಿಯ ಆ ವಾರ ಇದನ್ನೆಲ್ಲ ಬರೆಯಲು ಎಂಥ ಅವಕಾಶವಿತ್ತು! ನಾನು ಓದಿದ್ದರಲ್ಲಿ ಹೆಚ್ಚಿನವು ಬಣ್ಣ, ಅಂಚು, ಉಡುಗೊರೆ ಕೊಟ್ಟವರ ಹೆಸರು, ಇಷ್ಟಕ್ಕೆ ನಿಂತವು. ಸೀರೆ ನೆಪ, ನೋಡಿದ್ದು ಹೆಂಗಸನ್ನು.

ಉಡುಪನ್ನು ಗಂಭೀರವಾಗಿ ಓದುವ ಪತ್ರಿಕಾವೃತ್ತಿ ಇದೆ, ಇಲ್ಲವೆನ್ನುವುದಿಲ್ಲ. ವಾಷಿಂಗ್ಟನ್ ಪೋಸ್ಟಿನ ರಾಬಿನ್ ಗಿವಾನ್ ಫ್ಯಾಷನ್ ವಿಮರ್ಶೆಗೇ 2006ರಲ್ಲಿ ಪುಲಿಟ್ಜರ್ ಪಡೆದರು. 2005ರಲ್ಲಿ ಔಶ್‌ವಿಟ್ಜ್ ವಿಮೋಚನೆಯ ಅರವತ್ತನೆಯ ವರ್ಷದ ಸ್ಮರಣೆಗೆ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ ಹಿಮ ಗುಡಿಸಲು ಹೋದವರಂತೆ ಟೊಪ್ಪಿಗೆಯ ದಪ್ಪ ಜಾಕೆಟ್ ತೊಟ್ಟು ಬಂದದ್ದನ್ನು ಅವರು ಎತ್ತಿ ತೋರಿಸಿದ್ದರು. ಕರಿ ಕೋಟು ತೊಟ್ಟು ಕೂತ ನಾಯಕರ ನಡುವೆ ಆ ಜಾಕೆಟ್ ಒಂದು ಅಸಡ್ಡೆಯಾಗಿ ಕಾಣುತ್ತಿತ್ತು. ಒಳ್ಳೆಯ ಪತ್ರಿಕಾ ಬರಹ. ಆದರೆ ಅದೇ ಗಿವಾನ್ 2007ರಲ್ಲಿ ಸೆನೆಟಿನಲ್ಲಿ ಮಾತಾಡುತ್ತಿದ್ದ ಹಿಲರಿ ಕ್ಲಿಂಟನ್ ಅವರ ಕುಪ್ಪಸದ ಕತ್ತು ಎಷ್ಟು ಕೆಳಗಿತ್ತು ಎಂದು ಬರೆದಾಗ ಅಮೆರಿಕದಲ್ಲೇ ಗದ್ದಲವಾಯಿತು. ಚೇನಿಯ ಬಟ್ಟೆ ಸಭೆಗೆ ತೋರಿದ ಅಗೌರವ, ಹಿಲರಿಯದು ಬರೀ ಮೈ. ಒಬ್ಬರೇ ಬರೆದರೂ ಎರಡೂ ಒಂದೇ ಜಾತಿಯ ಬರಹವಲ್ಲ.

ಓದಿಕೊಂಡವರ ಆಕ್ಷೇಪವೊಂದಿದೆ: "ಇದರಿಂದ ಹೆಂಗಸರಿಗೆ ಹೆಚ್ಚು ನಷ್ಟವಾಗುತ್ತದೆಂಬುದಕ್ಕೆ ಪುರಾವೆ ಇಲ್ಲ." 2013ರಲ್ಲಿ ಅಮೆರಿಕದ ವಿಮೆನ್ಸ್ ಮೀಡಿಯಾ ಸೆಂಟರ್ ಮತ್ತು ಶಿ ಶುಡ್ ರನ್ ಸಂಸ್ಥೆಗಳು ಮಾಡಿಸಿದ ಸಮೀಕ್ಷೆಯನ್ನು ನನ್ನ ಪಕ್ಷದವರು ಸಾಮಾನ್ಯವಾಗಿ ಮುಂದಿಡುತ್ತಾರೆ. ಕಾಲ್ಪನಿಕ ಅಭ್ಯರ್ಥಿಯೊಬ್ಬಳ ರೂಪದ ಬಗ್ಗೆ ಹೊಗಳಿದರೂ ತೆಗಳಿದರೂ ಸುಮ್ಮನೆ ಬಣ್ಣಿಸಿದರೂ ಮತದಾರರ ಬೆಂಬಲ ಕುಸಿಯಿತು ಎಂದಿತ್ತು ಅದು. ಮರುವರ್ಷ ಡ್ಯಾನಿ ಹೇಯ್ಸ್, ಜೆನಿಫರ್ ಲಾಲೆಸ್, ಗೇಲ್ ಬೈಟಿಂಗರ್ ಎಂಬ ವಿದ್ವಾಂಸರು ಬೇರೆಯೇ ಫಲಿತಾಂಶ ಕಂಡರು: ರೂಪವನ್ನು ಕೆಟ್ಟದಾಗಿ ಬರೆದರೆ ಹೆಣ್ಣಿಗೆ ಪೆಟ್ಟು ಬೀಳುತ್ತದೆ, ಗಂಡಿಗೂ ಅಷ್ಟೇ ಬೀಳುತ್ತದೆ. ಎರಡನ್ನೂ ಓದಿದವನಾಗಿ, ಒಂದನ್ನು ತೋರಿಸಿ ಇನ್ನೊಂದನ್ನು ಬಚ್ಚಿಡಲಾರೆ. ನನ್ನ ವಾದ ಎರಡರ ಮೇಲೂ ನಿಂತಿಲ್ಲ. ಪೆಟ್ಟು ಸಮ ಎಂದೇ ಒಪ್ಪಿದರೂ ಏಟು ಯಾರ ಬೆನ್ನಿಗೆ ಬೀಳುತ್ತಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಅಭ್ಯರ್ಥಿಗೆ ಮತ ನಷ್ಟವಾಗದಿದ್ದರೂ ಓದುಗನಿಗೆ ಸುದ್ದಿ ನಷ್ಟವಾಗಿರುತ್ತದೆ. ಆ ವಿದ್ವಾಂಸರು ಅಳೆದದ್ದು ಮೊದಲನೆಯದನ್ನು.

ಈ ಲೆಕ್ಕದಲ್ಲಿ ಗಂಡಸಿಗೂ ಪೆಟ್ಟು ಬಿದ್ದ ಚರಿತ್ರೆಯ ಹೆಸರಾಂತ ಪ್ರಸಂಗ ಯಾವುದೆಂದರೆ, 1931ರಲ್ಲಿ ಚರ್ಚಿಲ್ ಗಾಂಧಿಯನ್ನು ಅರೆಬೆತ್ತಲೆ ಫಕೀರನೆಂದು ಹೀಯಾಳಿಸಿದ್ದು. ವೈಸ್‌ರಾಯ್ ಎದುರು ಸರಿಸಮಾನನಾಗಿ ಕೂತು ಮಾತಾಡುತ್ತಿದ್ದ ಮನುಷ್ಯನನ್ನು ಕೆಳಗಿಳಿಸಲು ಆತ ಹುಡುಕಿದ ಅಸ್ತ್ರ ಬಟ್ಟೆ. ಬಟ್ಟೆ ಬಣ್ಣಿಸಿದರೆ ಏನೂ ಆಗುವುದಿಲ್ಲ ಎನ್ನುವವರು ಈ ಮಾತನ್ನು ಮಾತ್ರ ತೊಂಬತ್ತು ವರ್ಷದಿಂದ ಮರೆತಿಲ್ಲ.

"ಓದುಗರು ಕೇಳುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳೇ ಕೇಳುತ್ತಾರೆ" ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಸೀರೆಯ ಬಗ್ಗೆ ಓದಬೇಕೆನಿಸುವವರಿಗೆ ಪುರವಣಿ ಇದೆ, ಅಲ್ಲಿ ಮಗ್ಗದ ಕಥೆ ಬರೆಯಿರಿ, ನಾನೂ ಓದುತ್ತೇನೆ. ರಾಜಕೀಯ ಪುಟದಲ್ಲಿ ಏನಿರಬೇಕೆಂದು ತೀರ್ಮಾನಿಸುವುದು ಡೆಸ್ಕಿನ ಕೆಲಸ, ಅದನ್ನು ಓದುಗರ ತಲೆಗೆ ಕಟ್ಟಬೇಡಿ.

ಕೆಲವರಂತೂ ಇದನ್ನು ಹೊಟ್ಟೆ ತುಂಬಿದವರ ಸ್ತ್ರೀವಾದ ಎನ್ನುತ್ತಾರೆ. ದೇಶದಲ್ಲಿ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಕಷ್ಟಗಳಿಲ್ಲವೇ ಎಂದು ಕೇಳುತ್ತಾರೆ. ಇವೆ. ಆದರೆ ಬಟ್ಟೆ ನೋಡುವ ಈ ಕಣ್ಣು ಮಂತ್ರಿಯ ಮಟ್ಟದಲ್ಲಿ ನಿಲ್ಲುವುದಿಲ್ಲ ಎಂಬುದೇ ನನ್ನ ಭಯ. 2021ರ ಮಾರ್ಚ್‌ನಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಪ್ರಚಾರಕ್ಕೆ ಬಂದ ಮಮತಾ ಅವರಿಗೆ, ಕಾಲು ತೋರಿಸುವುದಿದ್ದರೆ ಬರ್ಮುಡಾ ಚಡ್ಡಿ ತೊಡಲಿ ಎಂದರು ಬಿಜೆಪಿಯ ದಿಲೀಪ್ ಘೋಷ್. 2019ರಲ್ಲಿ ಹೊಸದಾಗಿ ಗೆದ್ದ ಮಿಮಿ ಚಕ್ರವರ್ತಿ, ನುಸ್ರತ್ ಜಹಾನ್ ಪ್ಯಾಂಟು ತೊಟ್ಟು ಸಂಸತ್ತಿನ ಮುಂದೆ ಫೋಟೊ ತೆಗೆಸಿಕೊಂಡದ್ದಕ್ಕೆ ಬೈಗುಳದ ಮಳೆ. 2023ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಕೋಲಾರದ ಸಂಸದ ಎಸ್. ಮುನಿಸ್ವಾಮಿ ಮೇಳದಲ್ಲಿ ಅಂಗಡಿ ಹಾಕಿದ್ದ ಹೆಣ್ಣುಮಗಳೊಬ್ಬಳನ್ನು ಎಲ್ಲರೆದುರು ಗದರಿದರು: ಹಣೆಗೆ ಯಾಕೆ ಇಟ್ಟಿಲ್ಲ, ಗಂಡ ಬದುಕಿದ್ದಾನೆ ತಾನೆ? ಪ್ಯಾರಿಸ್ಸಿನಲ್ಲಿ ಉಡುಪಿನ ವರ್ಣನೆ ಫ್ಯಾಷನ್ ಇರಬಹುದು. ನಮ್ಮಲ್ಲಿ ಅದು ಮುತ್ತೈದೆಯೇ ವಿಧವೆಯೇ, ಯಾವ ಜಾತಿ, ಯಾವ ಧರ್ಮ, ಮನೆತನದವಳೋ ಬೀದಿಯವಳೋ ಎಂದು ಹಣೆ, ಕೊರಳು, ಕೈಗಳಲ್ಲಿ ಓದುವ ಹಳೆಯ ಅಭ್ಯಾಸ. 2019ರಲ್ಲಿ ಮಂಡ್ಯದಲ್ಲಿ ನಿಂತ ಸುಮಲತಾ ಅವರ ಬಗ್ಗೆ, ಗಂಡ ಸತ್ತು ಹೆಚ್ಚು ದಿನವಾಗಿಲ್ಲ, ಆಗಲೇ ರಾಜಕೀಯವೇ ಎಂಬರ್ಥದ ಮಾತು ಮಂತ್ರಿ ರೇವಣ್ಣನವರ ಬಾಯಲ್ಲಿ ಬಂತು. ಅದೂ ಇದೇ ಓದು. ಮಂಡ್ಯದವರು ಅವರನ್ನು ಒಂದೂಕಾಲು ಲಕ್ಷ ಮತಗಳ ಅಂತರದಲ್ಲಿ ಗೆಲ್ಲಿಸಿ ಕಳಿಸಿದರು.

ಮುನಿಸ್ವಾಮಿಯವರ ಮಾತಿಗೂ ಬಜೆಟ್ ಸೀರೆಯ ಬಾಕ್ಸಿಗೂ ಏನು ಸಂಬಂಧ, ನಾವು ಅಂಥವರಲ್ಲ ಎನ್ನುವ ಗೆಳೆಯರಿಗೆ: ನೀವು ಅಂಥವರೆಂದು ನಾನೂ ಹೇಳಿಲ್ಲ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ಹೆಣ್ಣು ಎದುರು ಬಂದರೆ ಮೊದಲು ಉಡುಪು ನೋಡಿ, ಆಮೇಲೆ ಮಾತು ಕೇಳು ಎಂಬ ಕ್ರಮವನ್ನು ಪತ್ರಿಕೆ ಸಭ್ಯವಾಗಿ ಪಾಲಿಸುತ್ತದೆ, ಸಂಸದರು ಅಸಭ್ಯವಾಗಿ ಪಾಲಿಸಿದರು. ಕ್ರಮ ಒಂದೇ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸೀಟು ಹೆಣ್ಣುಮಕ್ಕಳಿಗೆ ಮೀಸಲು. 2023ರಲ್ಲಿ ವಿಧಾನಸಭೆಗೆ ಗೆದ್ದವರು ಮಾತ್ರ 224ರಲ್ಲಿ ಹತ್ತು ಮಂದಿ. ಪಂಚಾಯಿತಿಯಿಂದ ಮೇಲೇರಬೇಕೆನ್ನುವ ಹೆಣ್ಣುಮಗಳು ದಾಟಬೇಕಾದ ಅಡ್ಡಗೋಡೆಗಳಲ್ಲಿ ದುಡ್ಡು, ಜಾತಿ, ಟಿಕೆಟ್ ದೊಡ್ಡವು. ಈ ಕಣ್ಣು ಅವುಗಳಷ್ಟು ದೊಡ್ಡದಲ್ಲದಿರಬಹುದು, ಆದರೆ ಅದನ್ನು ಕೆಡವಲು ಸರ್ಕಾರದ ಆದೇಶ ಬೇಡ, ಸಂಪಾದಕರ ಒಂದು ಮಾತು ಸಾಕು.

ಕೊನೆಗೆ ಎಲ್ಲರೂ ಒಂದೇ ಬಾಣ ಬಿಡುತ್ತಾರೆ: "ಹಾಗಾದರೆ ಉಡುಪಿನ ಮಾತೇ ನಿಷಿದ್ಧವೋ?" ಜಯಲಲಿತಾ ಪ್ರಕರಣ ನೋಡಿ. 1996ರ ದಾಳಿಯಲ್ಲಿ ಅವರ ಮನೆಯಲ್ಲಿ ಸಿಕ್ಕ 10,500 ಸೀರೆ, 750 ಜೊತೆ ಚಪ್ಪಲಿ ಸುದ್ದಿಯಾಗಲೇಬೇಕಿತ್ತು. ತಿಂಗಳಿಗೆ ಒಂದು ರೂಪಾಯಿ ಸಂಬಳ ಪಡೆಯುತ್ತೇನೆಂದ ಮುಖ್ಯಮಂತ್ರಿಯ ಮನೆಯ ಮಹಜರು ಅದು. ಆದರೆ 66 ಕೋಟಿಯ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿಗೆ ಬಂದು, 2014ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಪರಪ್ಪನ ಅಗ್ರಹಾರದಲ್ಲಿ ತೀರ್ಪು ಓದುವ ಹೊತ್ತಿಗೆ ಅದರ ಭಾರವೆಲ್ಲ ಇದ್ದದ್ದು ಜಮೀನು, ಕಟ್ಟಡ, ಆಪ್ತರ ಹೆಸರಿನ ಕಂಪನಿಗಳಲ್ಲಿ. ಎಕರೆಗಟ್ಟಲೆ ಭೂಮಿ ಯಾರ ಕೈಯಿಂದ, ಯಾವ ಬೆಲೆಗೆ, ಹೇಗೆ ಕೈ ಬದಲಾಯಿತು ಎಂಬುದು ಸೀರೆಗಿಂತ ಸಾವಿರ ಪಾಲು ದೊಡ್ಡ ಕಥೆ, ಬಹುಪಾಲು ಓದುಗರಿಗೆ ಅದು ಇವತ್ತಿಗೂ ಗೊತ್ತಿಲ್ಲ. ಚಪ್ಪಲಿಯ ಲೆಕ್ಕ ಕೇಳಿ, ಥಟ್ಟನೆ ಹೇಳುತ್ತಾರೆ.